ಮನೆಮಾತು ಕೊಂಕಣಿ, ಶಾಲೆಯ ಬರಹ ಕನ್ನಡ

ಹಳಿಯಾಳ, ಜೋಯಿಡಾ ಸೀಮೆಯ ಅನೇಕ ಕ್ರೈಸ್ತ ಮನೆಗಳಲ್ಲಿ ಮಾತು, ಪ್ರಾರ್ಥನೆ ಕೊಂಕಣಿ. ಶಾಲೆಯ ಬರಹ ಕನ್ನಡ. ಇಂಥ ಮಕ್ಕಳಿಗೆ ವ್ಯಾಕರಣ ಬೇಕೇ ಬೇಕು. ಭಾಷೆಯನ್ನು ಹೊರಗಿನಿಂದ ಕಲಿತವರಿಗೆ ವ್ಯಾಕರಣದ ಬೆಲೆ ಗೊತ್ತಿತ್ತು: ಇಂಗ್ಲಿಷ್ ಜೆಸ್ವಿಟ್ ಪಾದ್ರಿ ಥಾಮಸ್ ಸ್ಟೀಫನ್ಸರ ಕೊಂಕಣಿ ವ್ಯಾಕರಣ 1640ರಲ್ಲೇ ಗೋವೆಯಲ್ಲಿ ಅಚ್ಚಾಯಿತು, ಬಾಸೆಲ್ ಮಿಶನ್ನಿನ ಕಿಟ್ಟೆಲ್ 1872ರಲ್ಲಿ ಕೇಶಿರಾಜನ ಹಳಗನ್ನಡ ವ್ಯಾಕರಣ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ, 1903ರಲ್ಲಿ ತಮ್ಮದೇ ಕನ್ನಡ ವ್ಯಾಕರಣ ಹೊರತಂದರು. ಇದೆಲ್ಲ ಮತಪ್ರಚಾರಕ್ಕಾಗಿ ಎಂಬ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಕೇಶಿರಾಜನಂಥ ಜೈನ ವೈಯಾಕರಣನ ಹಳಗನ್ನಡ ಸೂತ್ರಗಳಿಗೆ ವರ್ಷಗಟ್ಟಲೆ ದುಡಿಯಲು ಅದೊಂದೇ ಸಾಲದು, ಭಾಷಾಪ್ರೀತಿಯೂ ಬೇಕು.

ಆಡುತ್ತಾ ಆಡುತ್ತಾ ಭಾಷೆ ತಾನೇ ಬರುತ್ತದೆನ್ನುವವರೂ ಇದ್ದಾರೆ. ಮನೆಮಾತಿಗೆ ಅದು ಸರಿ. ಆದರೆ ಕೊಂಕಣಿಯಲ್ಲಿ ನಿರ್ಜೀವ ವಸ್ತುಗಳಿಗೂ ಮೂರು ಲಿಂಗ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಈ ವ್ಯತ್ಯಾಸವನ್ನು ಬಿಡಿಸಿ ಹೇಳಲೇಬೇಕು. ತಾಯ್ತಂದೆಯರೇ, ಎರಡೂ ನುಡಿಗಳ ವಾಕ್ಯಗಳನ್ನು ಪಕ್ಕಪಕ್ಕದಲ್ಲಿ ಬರೆಸಿ.