ಬಿಸಿಯಾದಾಗ ನಿಲ್ಲುವ, ತಣ್ಣಗಾದರೆ ಓಡುವ ಹಳೇ ಕಾರು: ತಪ್ಪು ಪೆಟ್ರೋಲಿನದ್ದೇ?

"ಹಳೇ ಕಾರು ದಾರಿಯಲ್ಲಿ ಬಂದ್ ಬೀಳುತ್ತಿದೆಯೇ? ಪೆಟ್ರೋಲಿಗೆ ನೀರು ಬೆರೆಸಿದ್ದಾರೆ." "ಎಥೆನಾಲ್ ಬಂದ ಮೇಲೆ ಹಳೇ ಗಾಡಿಗಳ ಕಥೆ ಮುಗಿಯಿತು." "ಎಸಿ ಪಂಪ್ ಮೇಲೆ ಹಸಿ ಬಟ್ಟೆ ಹಾಕಿ, ಎಲ್ಲ ಸರಿಹೋಗುತ್ತದೆ." ಮೊಬೈಲಿನಲ್ಲಿ ಸುತ್ತುವ ಇಂಥ ಮಾತುಗಳಲ್ಲಿ ಒಂದೂ ಪೂರ್ತಿ ಸುಳ್ಳಲ್ಲ. ಆದರೆ ನಿಮ್ಮ ಕಾರಿಗೆ ಯಾವುದು ಅನ್ವಯಿಸುತ್ತದೆ ಎಂಬುದನ್ನು ಯಾವ ಫಾರ್ವರ್ಡೂ ಹೇಳುವುದಿಲ್ಲ. ಅದನ್ನು ಕಾರೇ ಹೇಳುತ್ತದೆ, ಅದೂ ನಿಂತ ಮೊದಲ ಐದು ನಿಮಿಷದಲ್ಲಿ ಮಾತ್ರ.

ಒಂದು ಸಂದರ್ಭ ಊಹಿಸಿಕೊಳ್ಳಿ. ದವನದ ಹುಣ್ಣಿಮೆಯ ಬಿಸಿಲು. ಸಂಗೊಳ್ಳಿಯಿಂದ ಮನೆಮಂದಿಯೆಲ್ಲ ಹಳೇ ಪದ್ಮಿನಿಯಲ್ಲಿ ಬೈಲಹೊಂಗಲ ದಾಟಿ ಸವದತ್ತಿಗೆ ಹೊರಟಿದ್ದಾರೆ. ಬಯಲು ದಾರಿಯಲ್ಲಿ ಕಾರು ಚೆನ್ನಾಗಿಯೇ ಓಡುತ್ತದೆ. ಯಲ್ಲಮ್ಮನ ಗುಡ್ಡದ ಏರಿನಲ್ಲಿ, ಜಾತ್ರೆಯ ಗದ್ದಲದ ನಡುವೆ ಫಸ್ಟ್ ಗೇರಿನಲ್ಲಿ ತೆವಳುವಾಗ ಬಂದ್ ಬೀಳುತ್ತದೆ. ಹಿಂದಿನಿಂದ ಯಾರೋ, "ಪಂಪ್ ಕಾದೈತ್ರಿ, ಹಸಿ ಅರಿವಿ ಹಾಕ್ರಿ" ಅನ್ನುತ್ತಾರೆ. ಹಾಕುತ್ತಾರೆ. ಅರ್ಧ ತಾಸಿಗೆ ಕಾರು ಚಾಲೂ ಆಗುತ್ತದೆ. ಅರಿವಿಯಿಂದ ಸರಿಹೋಯಿತೋ, ಅರ್ಧ ತಾಸು ನಿಂತದ್ದರಿಂದ ಸರಿಹೋಯಿತೋ?

ಈ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಮುಂದಿನ ವಾರ ಪಂಪು, ಅದರ ಮುಂದಿನ ವಾರ ಕಾರ್ಬೊರೇಟರ್, ಆಮೇಲೆ ಕಾಯಿಲ್ ಹೀಗೆ ಒಂದೊಂದೇ ಬದಲಾಗುತ್ತ ಹೋಗುತ್ತವೆ. ದುಡ್ಡು ಹೋಗುತ್ತದೆ, ರೋಗ ಉಳಿಯುತ್ತದೆ.

ಇಲ್ಲಿ ಹೇಳುವುದು ಕಾರ್ಬೊರೇಟರ್ ಮತ್ತು ಡಿಸ್ಟ್ರಿಬ್ಯೂಟರ್ ಇರುವ ಕಾರುಗಳ ಬಗ್ಗೆ: ಪದ್ಮಿನಿ, ಪೆಟ್ರೋಲ್ ಅಂಬಾಸಿಡರ್, ಮೊದಮೊದಲ ಮಾರುತಿ 800, ಮದ್ರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್. ಈ ಹೆರಾಲ್ಡಿನ ಚಾಸಿಯನ್ನೇ ಗಿಡ್ಡ ಮಾಡಿ ಬ್ರಿಟನ್ನಿನಲ್ಲಿ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಮಾಡಿದರು. ಅಲ್ಲಿ ಅದನ್ನು ಜೋಪಾನ ಮಾಡುವವರ ತಲೆನೋವೂ ನಮ್ಮ ಪದ್ಮಿನಿ ಮಾಲೀಕರ ತಲೆನೋವೂ ಒಂದೇ. ಫ್ಯೂಯೆಲ್ ಇಂಜೆಕ್ಷನ್ ಇರುವ ಹೊಸ ಕಾರಿಗೆ ಸ್ಕ್ಯಾನರ್ ಬೇಕು, ಅದು ಬೇರೆ ವಿಷಯ.

ಹೇಗೆ ನಿಂತಿತು?

ಕೀ ತಿರುಗಿಸಿ ಆಫ್ ಮಾಡಿದಂತೆ ಒಮ್ಮೆಲೇ ನಿಂತರೆ ಮೊದಲ ಅನುಮಾನ ಕರೆಂಟಿನ ಮೇಲೆ. ಜಗ್ಗಾಡಿ, ಕೆಮ್ಮಿ, ಆಕ್ಸಿಲರೇಟರ್ ಒತ್ತಿದರೂ ಎಳೆಯದೆ ಕೆಲವು ಸೆಕೆಂಡು ಒದ್ದಾಡಿ ನಿಂತರೆ ಅನುಮಾನ ಪೆಟ್ರೋಲಿನ ಮೇಲೆ. ಕಾರ್ಬೊರೇಟರಿನ ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ಮುಗಿಯಲು ಸ್ವಲ್ಪ ಹೊತ್ತು ಬೇಕಲ್ಲ, ಅದಕ್ಕೇ ಆ ಒದ್ದಾಟ.

ಎಷ್ಟು ಹೊತ್ತಿಗೆ ಮತ್ತೆ ಚಾಲೂ ಆಯಿತು ಎಂಬುದು ಎರಡನೇ ಸುಳಿವು. ತಕ್ಷಣ ಆದರೆ ಎಲ್ಲೋ ಸಡಿಲ ವೈರ್ ಇರಬಹುದು. ಎರಡು ಮೂರು ನಿಮಿಷಕ್ಕೆ ಆದರೆ ಪೆಟ್ರೋಲ್ ಹನಿಹನಿಯಾಗಿ ಬರುತ್ತಿದೆ, ಬಟ್ಟಲು ತುಂಬಲು ಅಷ್ಟು ಹೊತ್ತು ಹಿಡಿದಿದೆ: ಫಿಲ್ಟರಿನಲ್ಲಿ ಕಸ, ಟ್ಯಾಂಕಿನ ತುಕ್ಕು, ಇಲ್ಲವೇ ಟ್ಯಾಂಕಿನ ಮುಚ್ಚಳ. ಮುಚ್ಚಳದ ಗಾಳಿತೂತು ಮುಚ್ಚಿಹೋದರೆ ಒಳಗೆ ನಿರ್ವಾತ ಉಂಟಾಗಿ ಪಂಪಿಗೆ ಪೆಟ್ರೋಲ್ ಎಳೆಯಲು ಆಗುವುದಿಲ್ಲ. ಕಾರು ನಿಂತ ಕೂಡಲೇ ಮುಚ್ಚಳ ತೆರೆಯಿರಿ. ಗಾಳಿ ಒಳಗೆಳೆದುಕೊಂಡ ಸದ್ದು ಬಂದು ಕಾರು ಚಾಲೂ ಆದರೆ ಒಂದು ರೂಪಾಯಿ ಖರ್ಚಿಲ್ಲದೆ ಕಳ್ಳ ಸಿಕ್ಕಿದ. ಅರ್ಧ ತಾಸು ಬೇಕಾದರೆ ಕಾರಣ ಶಾಖ. ಆದರೆ ಶಾಖ ಪೆಟ್ರೋಲನ್ನೂ ಕೆಡಿಸುತ್ತದೆ, ಕರೆಂಟನ್ನೂ ಕೆಡಿಸುತ್ತದೆ.

ನಿಂತಾಗಲೇ ನೋಡಬೇಕಾದ ಎರಡು ಸಂಗತಿ

ಗ್ಯಾರೇಜಿಗೆ ತಲುಪುವಷ್ಟರಲ್ಲಿ ಎಲ್ಲ ತಣ್ಣಗಾಗಿ ಕಾರು ಒಳ್ಳೆಯ ಹುಡುಗನಂತೆ ನಿಂತಿರುತ್ತದೆ, ಮೇಸ್ತ್ರಿಗೆ ಏನೂ ಕಾಣುವುದಿಲ್ಲ. ಹಾಗಾಗಿ ಪರೀಕ್ಷೆ ರಸ್ತೆಯ ಪಕ್ಕದಲ್ಲೇ ಆಗಬೇಕು. ಮೊದಲು ಕರೆಂಟು: ಒಂದು ಹೆಚ್ಚುವರಿ ಪ್ಲಗ್ ಕಾರಿನಲ್ಲಿ ಇಟ್ಟುಕೊಂಡಿರಿ. ಪ್ಲಗ್ ವೈರಿಗೆ ಅದನ್ನು ಸಿಕ್ಕಿಸಿ, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ಇಂಜಿನಿನ ಕಬ್ಬಿಣಕ್ಕೆ ತಾಗಿಸಿ, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ನೀಲಿ ಕಿಡಿ ಚಟಚಟ ಬಂದರೆ ಸರಿ. ಹಳದಿಯಾಗಿ ಸೋತ ಕಿಡಿ ಅಥವಾ ಕಿಡಿಯೇ ಇಲ್ಲದಿದ್ದರೆ ಪೆಟ್ರೋಲಿನ ಗೊಡವೆಗೆ ಹೋಗಬೇಡಿ. ಎಲ್ಲಾದರೂ ಪೆಟ್ರೋಲ್ ಸೋರುತ್ತಿದ್ದರೆ ಈ ಪರೀಕ್ಷೆ ಬೇಡವೇ ಬೇಡ.

ಆಮೇಲೆ ಪೆಟ್ರೋಲ್: ಕೀ ಆಫ್ ಇರಲಿ. ಏರ್ ಫಿಲ್ಟರ್ ತೆಗೆದು ಕಾರ್ಬೊರೇಟರಿನ ಬಾಯಿಯೊಳಗೆ ನೋಡುತ್ತ ಕೈಯಿಂದ ಆಕ್ಸಿಲರೇಟರ್ ಲಿಂಕ್ ಎಳೆಯಿರಿ. ಪದ್ಮಿನಿಯ ಸೋಲೆಕ್ಸ್‌ನಂಥ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಪಿಚಕಾರಿಯಂತೆ ಚಿಮ್ಮಬೇಕು. ಚಿಮ್ಮದಿದ್ದರೆ ಬಟ್ಟಲು ಖಾಲಿ. ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಎಸ್‌ಯು ಕಾರ್ಬೊರೇಟರಿನಲ್ಲಿ ಸಾಮಾನ್ಯವಾಗಿ ಈ ಪಿಚಕಾರಿ ಇರುವುದಿಲ್ಲ, ಅಲ್ಲಿ ಬಟ್ಟಲಿನ ಮುಚ್ಚಳ ತೆಗೆದೇ ನೋಡಬೇಕು.

ಹಸಿ ಬಟ್ಟೆ ಕೆಲಸ ಮಾಡುತ್ತದೆಯೇ?

ಮಾಡುತ್ತದೆ, ತೊಂದರೆ ಪೆಟ್ರೋಲಿನದ್ದಾಗಿದ್ದರೆ. ಪೆಟ್ರೋಲ್ ಒಂದೇ ಉಷ್ಣತೆಯಲ್ಲಿ ಕುದಿಯುವ ದ್ರವವಲ್ಲ. ಅದರ ಹಗುರ ಅಂಶಗಳು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಆವಿಯಾಗತೊಡಗುತ್ತವೆ. ಈ ಕಾರುಗಳ ಎಸಿ ಪಂಪು ಇಂಜಿನಿಗೇ ಬೋಲ್ಟ್ ಆಗಿರುತ್ತದೆ. ಪೆಟ್ರೋಲನ್ನು ಎಳೆಯುವ ಕಡೆ ಒತ್ತಡ ಕಡಿಮೆ ಇರುವುದರಿಂದ ಆವಿ ಇನ್ನೂ ಬೇಗ ಹುಟ್ಟುತ್ತದೆ. ಪಂಪು ದ್ರವವನ್ನು ತಳ್ಳಬಲ್ಲದು, ಆವಿಯನ್ನು ಸುಮ್ಮನೆ ಹಿಂಡುತ್ತಿರುತ್ತದೆ. ಇದೇ ವೇಪರ್ ಲಾಕ್. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೌಲ್ ಶಾಖ ಬೇಕು, ಅದನ್ನು ಬಟ್ಟೆ ಪಂಪಿನಿಂದ ಹೀರಿಕೊಳ್ಳುತ್ತದೆ. ಹಳೇ ಡ್ರೈವರುಗಳ ಬುದ್ಧಿ ಸರಿಯಾಗಿಯೇ ಇತ್ತು.

ಆದರೆ ಅದೇ ಅರ್ಧ ತಾಸಿನಲ್ಲಿ ಕಾಯಿಲ್ ಮತ್ತು ಕಂಡೆನ್ಸರ್ ಕೂಡ ತಣ್ಣಗಾಗುತ್ತವೆ. ಆದ್ದರಿಂದ ಬಟ್ಟೆಯನ್ನು ಪಂಪಿಗೆ ಮಾತ್ರ ಹಾಕಿ, ಐದು ನಿಮಿಷಕ್ಕೇ ಸೆಲ್ಫ್ ಹೊಡೆದು ನೋಡಿ. ಚಾಲೂ ಆದರೆ ವೇಪರ್ ಲಾಕ್ ಎನ್ನಲು ಬಲ ಬಂತು. ಬಿಸಿ ಇಂಜಿನಿನ ಮೇಲೆ ಕೊಡದಿಂದ ನೀರು ಸುರಿಯುವುದು ಮಾತ್ರ ಬೇಡ. ಕಬ್ಬಿಣ ಬಿರುಕು ಬಿಡಬಹುದು, ಡಿಸ್ಟ್ರಿಬ್ಯೂಟರಿಗೆ ನೀರು ಹೋದರೆ ಹೊಸ ರೋಗ ಶುರು.

ಪೆಟ್ರೋಲಿನ ಹೆಸರಿಗೆ ಬರುವ ಕರೆಂಟಿನ ತಪ್ಪು

ಕಾಯಿಲ್ 12 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸುತ್ತದೆ. ವಯಸ್ಸಾದ ಕಾಯಿಲ್ ಒಳಗಿನ ನಿರೋಧಕ ಕಾದಾಗ ಸೋಲುತ್ತದೆ, ತಣ್ಣಗಾದರೆ ಚೇತರಿಸಿಕೊಳ್ಳುತ್ತದೆ. ಹೆಬ್ಬೆರಳಿನಷ್ಟಿರುವ ಕಂಡೆನ್ಸರ್ ಕೂಡ ಹಾಗೆಯೇ. ಅದು ಕೆಟ್ಟರೆ ಪಾಯಿಂಟುಗಳ ನಡುವೆ ಕಿಡಿ ಹಾರಿ ಅವು ಸುಟ್ಟು ಗುಳಿ ಬಿದ್ದಿರುತ್ತವೆ. ಹೊಸ ಪಾಯಿಂಟ್ ಪದೇಪದೇ ಸುಡುತ್ತಿದ್ದರೆ ಪಾಯಿಂಟನ್ನಲ್ಲ, ಕಂಡೆನ್ಸರನ್ನು ನೋಡಿ.

ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಜನರನ್ನು ಸತಾಯಿಸುವುದು ಡಿಸ್ಟ್ರಿಬ್ಯೂಟರಿನೊಳಗಿನ ಗೇಣುದ್ದವೂ ಇಲ್ಲದ ಒಂದು ವೈರ್. ವ್ಯಾಕ್ಯೂಮ್ ಅಡ್ವಾನ್ಸ್ ಇರುವ ಕಾರಿನಲ್ಲಿ ಆಕ್ಸಿಲರೇಟರ್ ಏರಿಳಿದಂತೆ ಒಳಗಿನ ತಟ್ಟೆ ತಿರುಗುತ್ತದೆ, ಜೊತೆಗೆ ಈ ವೈರೂ ಬಾಗುತ್ತದೆ. ವರ್ಷಗಟ್ಟಲೆ ಬಾಗಿ ಬಾಗಿ ಒಳಗಿನ ತಂತಿ ತುಂಡಾಗುತ್ತದೆ, ಮೇಲಿನ ಕವಚ ನೆಟ್ಟಗಿರುತ್ತದೆ. ಒಮ್ಮೆ ತಾಗುತ್ತದೆ, ಒಮ್ಮೆ ಬಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿನಿಂದ ಮೆಲ್ಲಗೆ ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆ.

ಎಥೆನಾಲ್ ಮತ್ತು ನೀರು

ನಮ್ಮ ಬೆಳಗಾವಿ ಜಿಲ್ಲೆಯ ಕಬ್ಬೂ ಎಥೆನಾಲ್ ಆಗುತ್ತದೆ, ಹಾಗಾಗಿ ಇದು ದೂರದ ಮಾತಲ್ಲ. ಎಥೆನಾಲ್ ಬೆರೆಸಿದರೆ ಪೆಟ್ರೋಲ್ ಸ್ವಲ್ಪ ಹೆಚ್ಚು ಸುಲಭವಾಗಿ ಆವಿಯಾಗಬಹುದು. ಹಳೇ ರಬ್ಬರ್ ಪೈಪು, ಪಂಪಿನ ಪರದೆ ಉಬ್ಬಿ ಮೆತ್ತಗಾಗಬಹುದು. ಟ್ಯಾಂಕಿನ ಹಳೇ ಜಿಡ್ಡು ಸಡಿಲವಾಗಿ ಫಿಲ್ಟರ್ ಕಟ್ಟಬಹುದು. ಎಥೆನಾಲಿಗೆ ಹೊಂದುವ ಪೈಪು, ಪರದೆ ಹಾಕಿಸಿ, ಫಿಲ್ಟರ್ ಬೇಗ ಬದಲಿಸಿ. ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನಲ್ಲಿ ತೇವ ಹೀರಿಕೊಂಡು ನೀರು ತಳಕ್ಕೆ ಇಳಿಯುವುದೂ ಉಂಟು. ಕಾರ್ಬೊರೇಟರ್ ಬಟ್ಟಲಿನ ಪೆಟ್ರೋಲನ್ನು ಗಾಜಿನ ಶೀಶೆಗೆ ಹಾಕಿ ಹತ್ತು ನಿಮಿಷ ಇಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ಕಾಣುತ್ತದೆ. ಬಂಕಿನ ಮೇಲೇ ಅನುಮಾನವಿದ್ದರೆ ಅಲ್ಲಿಯೇ ಫಿಲ್ಟರ್ ಪೇಪರ್ ಪರೀಕ್ಷೆ ಕೇಳಬಹುದು, ಅದು ಗ್ರಾಹಕರ ಹಕ್ಕು.

ಇವನ್ನು ಮಾತ್ರ ಮಾಡಬೇಡಿ

ಚಲಿಸುವಾಗ ಇಂಜಿನ್ ನಿಂತರೆ ಕೀ ಪೂರ್ತಿ ಹಿಂದಕ್ಕೆ ತಿರುಗಿಸಬೇಡಿ, ಸ್ಟೇರಿಂಗ್ ಲಾಕ್ ಆದೀತು. ಬೂಸ್ಟರ್ ಇರುವ ಬ್ರೇಕ್ ಒಂದೆರಡು ಸಲ ಮಾತ್ರ ಹಗುರವಾಗಿರುತ್ತದೆ. ಪದೇಪದೇ ತುಳಿಯದೆ ಒಂದೇ ಸಮನೆ ಒತ್ತಿ ಎಡಕ್ಕೆ ತನ್ನಿ.

ಕಾರ್ಬೊರೇಟರಿನ ಬಾಯಿಗೆ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಯುವ ವಿಡಿಯೋ ನಂಬಬೇಡಿ. ಇಂಜಿನ್ ಹಿಂದಕ್ಕೆ ಕೆಮ್ಮಿದರೆ ಬೆಂಕಿ ಬರುವುದು ನಿಮ್ಮ ಮುಖಕ್ಕೆ. ಪೈಪಿಗೆ ಬಾಯಿ ಹಚ್ಚಿ ಪೆಟ್ರೋಲ್ ಎಳೆಯುವುದೂ ಹಾಗೆಯೇ: ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೂ ಅಪಾಯಕಾರಿ ಉರಿಯೂತವಾಗಬಹುದು. ಯಾರಾದರೂ ನುಂಗಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ವಾಂತಿಯಲ್ಲೇ ಅದು ಶ್ವಾಸಕೋಶಕ್ಕೆ ಇಳಿಯುವ ಭಯ ಹೆಚ್ಚು. ಕೆಮ್ಮು ಇಲ್ಲದಿದ್ದರೂ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.