ಅಲರ್ಜಿ ಒಬ್ಬರದ್ದು, ಗಂದೆ ಎದ್ದದ್ದು ಇನ್ನೊಬ್ಬರ ಹೊಟ್ಟೆ ಮೇಲೆ

ಭಾಗ 1
ನಮ್ಮದು ಕುಂದಾಪುರದ ಕಡೆ. ಮೀನು ತಿನ್ನುವ ಮನೆಯಲ್ಲಿ ಹುಟ್ಟಿ ಮೀನು ಬೇಡ ಅಂದ್ರೆ ಯಾರೂ ನಂಬಲ್ಲ. ನನಗೆ ಯಾವ ಮೀನು ತಿಂದ್ರೂ ಅರ್ಧ ಗಂಟೆಯೊಳಗೆ ಕುತ್ತಿಗೆ, ಕೈ, ಹೊಟ್ಟೆ ಮೇಲೆಲ್ಲ ಗಂದೆ ಏಳ್ತದೆ. ಚಿಕ್ಕವಳಿದ್ದಾಗ ಅಜ್ಜಿ "ಪಿತ್ತ ಎದ್ದಿದೆ" ಅಂತ ದೊಡ್ಡಪತ್ರೆ ಎಲೆ ಉಜ್ಜುತ್ತಿದ್ದರು.

ಕಳೆದ ತಿಂಗಳು ನೆಂಟರ ಮನೆ ಊಟದಲ್ಲಿ ಒಬ್ಬರು, "ಸ್ವಲ್ಪ ಗಸಿ ಹಾಕ್ಕೊಂಡ್ರೆ ಎಂತ ಆಗ್ತದೆ ಮಾರಾಯ್ತಿ? ಎಲ್ಲ ನಿನ್ನ ತಲೆಯಲ್ಲಿರೋದು" ಅಂದ್ರು. ನಾನು ನಕ್ಕು ಸುಮ್ಮನಾದೆ. ಆದ್ರೆ ಆ ಮಾತು ಮನಸ್ಸಲ್ಲೇ ಉಳಿಯಿತು. ನಿಜವಾಗಿ ಇದು ಎಲ್ಲಿರೋದು ಅಂತ ಓದ್ತಾ ಹೋದಾಗ ಸಿಕ್ಕಿದ್ದು, ನೂರು ವರ್ಷದ ಹಿಂದೆ ನನ್ನ ಹಾಗೇ ಮೀನು ಆಗದಿದ್ದ ಒಬ್ಬ ಡಾಕ್ಟರ ಕಥೆ.

ಭಾಗ 2
'ಅಲರ್ಜಿ' ಅನ್ನೋ ಪದಕ್ಕೆ ತುಂಬಾ ವಯಸ್ಸಾಗಿಲ್ಲ. ಅದನ್ನು 1906ರಲ್ಲಿ ಹುಟ್ಟಿಸಿದವರು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. 1912ರಲ್ಲಿ ನ್ಯೂಯಾರ್ಕ್‌ನ ಡಾಕ್ಟರ್ ಆಸ್ಕರ್ ಶ್ಲಾಸ್ ಒಬ್ಬ ಹುಡುಗನ ಬಗ್ಗೆ ಬರೆದರು. ಅವನಿಗೆ ಮೊಟ್ಟೆ, ಬಾದಾಮಿ, ಓಟ್ಸ್ ಆಗ್ತಿರಲಿಲ್ಲ. ಆ ಆಹಾರಗಳನ್ನು ಅವನ ಚರ್ಮಕ್ಕೆ ತಾಗಿಸಿ ಪರೀಕ್ಷೆ ಮಾಡಿದಾಗ, ಅಲ್ಲೇ ಗಂದೆ ಎದ್ದಿತು.

ಚರ್ಮ ಉತ್ತರ ಕೊಡ್ತದೆ ಅಂತ ಗೊತ್ತಾಯ್ತು. ಆದ್ರೆ ಮೈಯೊಳಗೆ ಯಾವುದು ಹಾಗೆ ಮಾಡಿಸೋದು?

ಭಾಗ 3
1921, ಜರ್ಮನಿಯ ಬ್ರೆಸ್ಲಾವ್. ಇವತ್ತು ಅದು ಪೋಲೆಂಡಿನ ವ್ರೋತ್ಸ್ವಾಫ್. ಅಲ್ಲಿ ಹೈನ್ಸ್ ಕ್ಯೂಸ್ಟ್ನರ್ ಅನ್ನೋ ಯುವ ವೈದ್ಯರಿಗೆ ಬೇಯಿಸಿದ ಮೀನು ಆಗ್ತಿರಲಿಲ್ಲ. ತಿಂದರೆ ಮೈಯೆಲ್ಲ ತುರಿಕೆ, ಗಂದೆ. ಅವರ ಜೊತೆ ಕೆಲಸ ಮಾಡ್ತಿದ್ದ ಕಾರ್ಲ್ ಪ್ರೌಸ್ನಿಟ್ಸ್‌ಗೆ ಮೀನಿಂದ ಏನೂ ಆಗ್ತಿರಲಿಲ್ಲ.

ಪ್ರೌಸ್ನಿಟ್ಸ್ ಏನು ಮಾಡಿದರು ಗೊತ್ತಾ? ಕ್ಯೂಸ್ಟ್ನರ್ ರಕ್ತದ ಸೀರಮ್ಮನ್ನು ಸ್ವಲ್ಪವೇ ತಗೊಂಡು ತನ್ನ ಹೊಟ್ಟೆಯ ಚರ್ಮದೊಳಗೆ ಚುಚ್ಚಿಸಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ. ಕೆಲವೇ ನಿಮಿಷ, ಆ ಜಾಗ ಕೆಂಪಾಗಿ ಗಂದೆ ಎದ್ದಿತು. ಸೀರಮ್ ಹಾಕದ ಚರ್ಮದಲ್ಲಿ ಏನೂ ಇಲ್ಲ!

ಅಂದ್ರೆ ಕ್ಯೂಸ್ಟ್ನರ್ ರಕ್ತದಲ್ಲಿ ಏನೋ ಇತ್ತು, ಅದು ಇನ್ನೊಬ್ಬರ ಚರ್ಮಕ್ಕೆ ಹೋಗಿಯೂ ಮೀನನ್ನು ಗುರುತಿಸಿತು. ತಲೆಯಲ್ಲಿರೋದಾಗಿದ್ರೆ ಇನ್ನೊಬ್ಬರ ಹೊಟ್ಟೆಗೆ ಹೇಗೆ ಹೋಗ್ತಿತ್ತು?

ಭಾಗ 4
ಆ 'ಏನೋ'ಗೆ ರಿಯಾಜಿನ್ ಅಂತ ಹೆಸರಿಟ್ಟರು. ಅದು ನಿಜವಾಗಿ ಏನು ಅಂತ ತಿಳಿಯೋಕೆ ಇನ್ನೂ 45 ವರ್ಷ ಬೇಕಾಯ್ತು. 1966ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಜಪಾನಿನ ದಂಪತಿ ಕಿಮಿಶಿಗೆ ಮತ್ತು ತೆರುಕೋ ಇಶಿಜಾಕಾ ಅದನ್ನು ಪತ್ತೆ ಮಾಡಿದರು. ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನ್ನಿಕ್ ಬೇರೆ ದಾರಿಯಲ್ಲಿ ಅದೇ ವಸ್ತುವನ್ನು ಕಂಡರು. 1968ರಲ್ಲಿ ಅದಕ್ಕೆ ಅಧಿಕೃತ ಹೆಸರು ಬಂತು: ಐಜಿಇ.

ಭಾಗ 5
ಇದು ಕೆಲಸ ಮಾಡೋದು ಹೀಗೆ. ಬಿಕಾಂ ಭಾಷೆಯಲ್ಲಿ ಹೇಳ್ತೇನೆ. ಮೈ ಒಮ್ಮೆ ಮೀನಿನ ಪ್ರೋಟೀನನ್ನು ತಪ್ಪಾಗಿ 'ಶತ್ರು' ಖಾತೆಗೆ ಬರೆದುಕೊಂಡು ಬಿಡ್ತದೆ. ಆ ಎಂಟ್ರಿಯೇ ಐಜಿಇ. ಅದು ಚರ್ಮದ ಮಾಸ್ಟ್ ಕೋಶಗಳ ಮೇಲೆ ಹೋಗಿ ಕೂರ್ತದೆ. ಮುಂದಿನ ಸಲ ಮೀನು ಬಂದಾಗ ಅದು ಈ ಐಜಿಇಗೆ ಅಂಟಿಕೊಳ್ತದೆ, ಕೋಶಗಳು ಹಿಸ್ಟಮಿನ್ ಹೊರಗೆ ಬಿಡ್ತವೆ. ಸಣ್ಣ ರಕ್ತನಾಳಗಳು ಅಗಲವಾಗಿ ನೀರು ಸೋರ್ತದೆ. ಆ ಊತವೇ ಗಂದೆ, ಜೊತೆಗೆ ತುರಿಕೆ. ಡಾಕ್ಟರು ಆಂಟಿಹಿಸ್ಟಮಿನ್ ಮಾತ್ರೆ ಕೊಡೋದು ಇದಕ್ಕೇ.

ಭಾಗ 6
ಪ್ರೌಸ್ನಿಟ್ಸ್ ಮಾಡಿದ ಪರೀಕ್ಷೆಯನ್ನು ಈಗ ಯಾರೂ ಮಾಡಲ್ಲ. ಒಬ್ಬರ ಸೀರಮ್ ಇನ್ನೊಬ್ಬರಿಗೆ ಚುಚ್ಚಿದ್ರೆ ಹೆಪಟೈಟಿಸ್, ಎಚ್‌ಐವಿ ದಾಟಬಹುದು. ಈಗ ಪ್ರಿಕ್ ಟೆಸ್ಟ್ ಇದೆ, ರಕ್ತಪರೀಕ್ಷೆ ಇದೆ. ಎದ್ದ ಗಂದೆಯೆಲ್ಲ ಊಟದ ಅಲರ್ಜಿಯೂ ಅಲ್ಲ, ಅದನ್ನು ಡಾಕ್ಟರೇ ಹೇಳಬೇಕು. ಆದ್ರೆ ಗಂದೆ ಜೊತೆ ತುಟಿ, ನಾಲಿಗೆ ಊದಿದ್ರೆ, ಉಸಿರು ಕಟ್ಟಿದ್ರೆ, ತಲೆ ತಿರುಗಿದ್ರೆ ದೊಡ್ಡಪತ್ರೆ ಹುಡುಕ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆ.

ಅಜ್ಜಿ ಮೇಲೆ ನನಗೆ ಬೇಜಾರಿಲ್ಲ. ಅವರಿಗೆ ಗೊತ್ತಿದ್ದ ಹೆಸರು ಪಿತ್ತ, ಆದ್ರೆ ನನ್ನ ಗಂದೆಯನ್ನು ಅವರು ಒಂದು ದಿನವೂ ಸುಳ್ಳು ಅನ್ನಲಿಲ್ಲ. ಪ್ರೌಸ್ನಿಟ್ಸ್ ಕೂಡ ಅಷ್ಟೇ. ಗೆಳೆಯನ ತುರಿಕೆಯನ್ನು ಗಂಭೀರವಾಗಿ ತಗೊಂಡು ತನ್ನ ಹೊಟ್ಟೆ ಒಡ್ಡಿದರು.

ನಿಮ್ಮ ಕ್ಲಾಸಲ್ಲಿ ಯಾರಾದ್ರೂ "ನನಗೆ ಇದು ಆಗಲ್ಲ" ಅಂದ್ರೆ ಸೂಜಿ ಚುಚ್ಚಿಸಿಕೊಳ್ಳೋದು ಬೇಡ. ನಂಬಿದ್ರೆ ಸಾಕು. "ಸ್ವಲ್ಪ ತಿನ್ನು" ಅಂತ ಒತ್ತಾಯ ಮಾಡಬೇಡಿ.

ನಿಮಗೆ ಯಾವುದು ಆಗಲ್ಲ? ಕಮೆಂಟಲ್ಲಿ ಹೇಳಿ. ನಗಲ್ಲ, ಪ್ರಾಮಿಸ್.