ನಿಲ್ದಾಣದ ಬುತ್ತಿ: ಜಪಾನಿನ ರೈಲು ಮತ್ತು ಊರೂರ ರುಚಿ



ಒಂದು ದೇಶದ ಚರಿತ್ರೆಯನ್ನು ಅರಿಯಲು ಶಾಸನ, ನಾಣ್ಯ, ಕಡತಗಳನ್ನು ನೋಡಬೇಕೆಂದು ನೀವು ಪಾಠಗಳಲ್ಲಿ ಓದಿದ್ದೀರಿ. ಊಟದ ಡಬ್ಬಿಯೊಂದು ಕೂಡ ಚರಿತ್ರೆಯ ಆಕರವಾಗಬಲ್ಲದು ಎಂದರೆ ನಂಬುವಿರಾ? ಜಪಾನಿನಲ್ಲಿ ಅಂಥದೊಂದು ಡಬ್ಬಿಯಿದೆ. ಅದಕ್ಕೆ ‘ಎಕಿಬೆನ್’ ಎಂದು ಹೆಸರು. ‘ಎಕಿ’ ಎಂದರೆ ರೈಲು ನಿಲ್ದಾಣ, ‘ಬೆಂತೋ’ ಎಂದರೆ ಬುತ್ತಿ. ಎರಡೂ ಸೇರಿ ನಿಲ್ದಾಣದ ಬುತ್ತಿ. ಆಯಾ ಊರಿನ ನಿಲ್ದಾಣದಲ್ಲಿ ಆಯಾ ಊರಿನ ಅಡುಗೆಯನ್ನೇ ಕಟ್ಟಿ ಮಾರುವುದು ಅದರ ವಿಶೇಷ.

ಜಪಾನಿನ ಮೊದಲ ರೈಲು ಮಾರ್ಗ 1872ರಲ್ಲಿ ಟೋಕಿಯೊದ ಶಿಂಬಾಶಿಗೂ ಯೊಕೊಹಾಮಾಕ್ಕೂ ನಡುವೆ ತೆರೆಯಿತು. ದೂರ ಸುಮಾರು 29 ಕಿಲೋಮೀಟರು, ಪ್ರಯಾಣ ಒಂದು ಗಂಟೆಗಿಂತಲೂ ಕಡಿಮೆ. ಅಷ್ಟರಲ್ಲಿ ಯಾರಿಗೂ ಹಸಿವಾಗುವ ಸಂಭವವಿರಲಿಲ್ಲ. ಆದರೆ ಹಳಿಗಳು ಉದ್ದವಾದಂತೆ ಪ್ರಯಾಣಿಕರ ಹಸಿವೂ ಬೆಳೆಯಿತು. 1885ರ ಜುಲೈ 16ರಂದು ಟೋಕಿಯೊದ ಉತ್ತರಕ್ಕಿರುವ ಉತ್ಸುನೊಮಿಯಾದವರೆಗೆ ರೈಲು ಬಂದಿತು. ಅದೇ ದಿನ ಅಲ್ಲಿನ ವಸತಿಗೃಹವೊಂದು ಮೊದಲ ನಿಲ್ದಾಣದ ಬುತ್ತಿಯನ್ನು ಮಾರಿತೆಂಬುದು ಹೆಚ್ಚು ಪ್ರಚಲಿತವಾದ ಹೇಳಿಕೆ. ಕರಿ ಎಳ್ಳು ಉದುರಿಸಿದ ಎರಡು ಅನ್ನದ ಉಂಡೆ, ಒಳಗೆ ಉಪ್ಪಿನಲ್ಲಿ ಹಾಕಿದ ಹುಳಿ ಹಣ್ಣು, ಜೊತೆಗೆ ಮೂಲಂಗಿಯ ಉಪ್ಪಿನಕಾಯಿ, ಇಷ್ಟನ್ನೂ ಬಿದಿರಿನ ಹಾಳೆಯಲ್ಲಿ ಸುತ್ತಿ 5 ಸೆನ್‌ಗೆ ಕೊಟ್ಟರಂತೆ. ಈ ಮೊದಲ ಸ್ಥಾನಕ್ಕೆ ಬೇರೆ ನಿಲ್ದಾಣಗಳೂ ಹಕ್ಕು ಸಾಧಿಸುತ್ತವೆ. ‘ಎಲ್ಲಕ್ಕಿಂತ ಮೊದಲು’ ಎಂಬ ಮಾತು ಕಂಡಾಗ ಚರಿತ್ರೆಯ ವಿದ್ಯಾರ್ಥಿ ಸ್ವಲ್ಪ ನಿಧಾನಿಸಬೇಕು ಎಂಬುದಕ್ಕೆ ಇದೊಂದು ಉದಾಹರಣೆ.

ಹುಳಿ, ಉಪ್ಪು, ಬಿದಿರಿನ ಹಾಳೆಗಳೇ ಏಕೆ? ಕಾರಣವಿದೆ. ಬುತ್ತಿಯನ್ನು ತಿನ್ನುವಾಗ ಅದು ತಣ್ಣಗಾಗಿರುತ್ತದೆ. ಬೇಗ ಹಳಸಬಾರದು, ರುಚಿಯೂ ಕೆಡಬಾರದು. ಜಪಾನಿನ ಗಿಡ್ಡಕಾಳಿನ ಅಕ್ಕಿಯ ಅನ್ನ ತಣ್ಣಗಾದರೂ ಮೃದುವಾಗಿ, ಅಂಟಂಟಾಗಿ ಉಳಿಯುತ್ತದೆ. ಉಪ್ಪು, ಹುಳಿಗಳು ಅದನ್ನು ಕಾಪಾಡುತ್ತವೆ. ರೈಲು ನಿಲ್ಲುತ್ತಿದ್ದುದು ಕೆಲವೇ ನಿಮಿಷ. ಕೊರಳಿಗೆ ಪಟ್ಟಿಯಿಂದ ಮರದ ತಟ್ಟೆಯನ್ನು ತೂಗುಹಾಕಿಕೊಂಡ ಮಾರಾಟಗಾರರು ಪ್ಲಾಟ್‌ಫಾರಂ ಉದ್ದಕ್ಕೂ ಕೂಗುತ್ತ ನಡೆಯುತ್ತಿದ್ದರು. ಪ್ರಯಾಣಿಕರು ಕಿಟಕಿ ಎತ್ತಿ ಹಣ ಕೊಟ್ಟು ಬುತ್ತಿ ಪಡೆಯುತ್ತಿದ್ದರು. ಚಹಾ ಕೂಡ ಹೀಗೆಯೇ ಸಿಗುತ್ತಿತ್ತು, ಅದೂ ಮಣ್ಣಿನ ಪುಟ್ಟ ಹೂಜಿಯಲ್ಲಿ. ಮುಂದೆ ಆ ಹೂಜಿಯ ಜಾಗಕ್ಕೆ ಪ್ಲಾಸ್ಟಿಕ್ ಬಂದಿತು.

ಈಗ ಕೆಲವು ಊರುಗಳ ಬುತ್ತಿಯನ್ನು ಬಿಚ್ಚಿ ನೋಡೋಣ. ಜಪಾನ್ ಸಮುದ್ರದ ದಂಡೆಯಲ್ಲಿರುವ ತೋಯಾಮಾದಲ್ಲಿ ದುಂಡನೆಯ ಮರದ ಡಬ್ಬಿಗೆ ಬಿದಿರಿನ ಎಲೆ ಹಾಸಿ, ಹುಳಿ ಬೆರೆಸಿದ ಅನ್ನದೊಂದಿಗೆ ಮೀನನ್ನು ಇಟ್ಟು ಒತ್ತುತ್ತಾರೆ. ಈ ಹಳೆಯ ತಿನಿಸು 1912ರಲ್ಲಿ ನಿಲ್ದಾಣದ ಬುತ್ತಿಯಾಯಿತು. ಉತ್ತರದ ಹೊಕ್ಕೈಡೊ ದ್ವೀಪದ ಮೋರಿ ನಿಲ್ದಾಣದ ಕಥೆ ಬೇರೆ. 1941ರಲ್ಲಿ ಯುದ್ಧದ ದೆಸೆಯಿಂದ ಅಕ್ಕಿಗೆ ಅಭಾವ. ಆದರೆ ಅಲ್ಲಿನ ಕಡಲಿನಲ್ಲಿ ಸ್ಕ್ವಿಡ್ ಧಾರಾಳವಾಗಿ ಸಿಗುತ್ತಿತ್ತು. ಅದರ ಹೊಟ್ಟೆಯೊಳಗೆ ಅಕ್ಕಿ ತುಂಬಿ ಬೇಯಿಸಿದರೆ ಸ್ವಲ್ಪ ಅಕ್ಕಿಯಲ್ಲೇ ಹೊಟ್ಟೆ ತುಂಬುತ್ತದೆ! ಕೊರತೆಯಿಂದ ಹುಟ್ಟಿದ ಆ ಉಪಾಯ ಇಂದು ಆ ಊರಿನ ಹೆಮ್ಮೆ. ತಿನಿಸಿನಲ್ಲಿ ಭೂಗೋಳವೂ ಇದೆ, ಯುದ್ಧವೂ ಇದೆ ಎಂಬುದನ್ನು ಗಮನಿಸಿ.

ಎಲ್ಲಕ್ಕಿಂತ ಮನಮುಟ್ಟುವುದು ಯೊಕೊಕಾವಾ ನಿಲ್ದಾಣದ ಕಥೆ. ಉಸುಯಿ ಘಟ್ಟದ ಬುಡದಲ್ಲಿದೆ ಈ ನಿಲ್ದಾಣ. ಇಲ್ಲಿಂದ ಕರುಯಿಝಾವಾಕ್ಕೆ 11 ಕಿಲೋಮೀಟರು. ಆದರೆ ದಾರಿಯ ಅತಿ ಕಡಿದಾದ ಭಾಗದಲ್ಲಿ 15 ಅಡಿ ಮುಂದೆ ಸಾಗಿದರೆ 1 ಅಡಿ ಮೇಲೇರಬೇಕು. 1893ರಲ್ಲಿ ಇಲ್ಲಿ ಹಳಿಗಳ ನಡುವೆ ಹಲ್ಲುಪಟ್ಟಿ ಹಾಕಿ ರೈಲು ಹತ್ತಿಸಿದರು. 1963ರಲ್ಲಿ ಸಾಮಾನ್ಯ ಹಳಿಯ ಹೊಸ ಮಾರ್ಗ ಬಂದ ಮೇಲೂ ನೂಕಲು ಹೆಚ್ಚಿನ ಎಂಜಿನ್‌ಗಳು ಬೇಕಾಗಿದ್ದವು. ಅವನ್ನು ಜೋಡಿಸುವವರೆಗೆ ರೈಲು ಇಲ್ಲಿ ನಿಲ್ಲಲೇಬೇಕು. ಆ ನಿಲುಗಡೆಯೇ ಒಗಿನೊಯಾ ಎಂಬ ಬುತ್ತಿ ಅಂಗಡಿಗೆ ಅನ್ನ ಕೊಟ್ಟಿತು. ವ್ಯಾಪಾರ ಕುಗ್ಗಿದ್ದ ಕಾಲದಲ್ಲಿ ಅಂಗಡಿಯ ಒಡತಿ ಪ್ರಯಾಣಿಕರನ್ನೇ ಕೇಳಿದರು: ನಿಮಗೆ ಏನು ಬೇಕು? ಬಿಸಿಯಾದ, ಮನೆಯದರಂತಹ ಊಟ ಬೇಕೆಂಬ ಉತ್ತರ ಬಂದಿತು. 1958ರಲ್ಲಿ ಮಾಶಿಕೊ ಊರಿನ ಮಣ್ಣಿನ ಗಡಿಗೆಯಲ್ಲಿ ಅನ್ನ, ಕೋಳಿ, ಅಣಬೆ, ಬಿದಿರು ಕಳಲೆಗಳನ್ನು ತುಂಬಿ ಮಾರತೊಡಗಿದರು. ಗಡಿಗೆ ಬಿಸಿಯನ್ನು ಹಿಡಿದಿಟ್ಟಿತು, ಹೆಸರು ದೇಶವೆಲ್ಲ ಹರಡಿತು. ರೈಲು ಹೊರಟಾಗ ಮಾರಾಟಗಾರರು ಸಾಲಾಗಿ ನಿಂತು ತಲೆಬಾಗಿ ವಂದಿಸುತ್ತಿದ್ದರು.

ಆದರೆ ಕಾಲ ನಿಲ್ಲಲಿಲ್ಲ. 1964ರಲ್ಲಿ ಟೋಕಿಯೊ ಮತ್ತು ಓಸಾಕಾ ನಡುವೆ ಶಿಂಕಾನ್ಸೆನ್ ಅತಿವೇಗದ ರೈಲು ಆರಂಭವಾಯಿತು. ಅದರ ಕಿಟಕಿಗಳು ತೆರೆಯುವುದಿಲ್ಲ, ನಡುವಿನ ನಿಲ್ದಾಣಗಳಲ್ಲಿ ಅದು ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ. 1997ರ ಅಕ್ಟೋಬರ್ 1ರಂದು ನಾಗಾನೋಗೆ ಅಂಥದೇ ಮಾರ್ಗ ತೆರೆದಾಗ ಉಸುಯಿ ಘಟ್ಟದ ಹಳೆಯ ಹಳಿ ಮುಚ್ಚಿತು. ಯೊಕೊಕಾವಾ ಆ ಕವಲಿನ ಕೊನೆಯ ನಿಲ್ದಾಣವಾಯಿತು. ಒಗಿನೊಯಾ ಉಳಿದದ್ದು ಹೇಗೆ? 1962ರಲ್ಲೇ ಅದು ಹೆದ್ದಾರಿಯ ಪಕ್ಕದಲ್ಲಿ ಮಳಿಗೆ ತೆರೆದಿತ್ತು. ಗಡಿಗೆ ರೈಲಿನಿಂದ ಇಳಿದು ಬಸ್ಸು, ಕಾರುಗಳನ್ನು ಹತ್ತಿತು.

ಇಂದು ದೊಡ್ಡ ನಿಲ್ದಾಣಗಳ ಅಂಗಡಿಗಳಲ್ಲಿ ಹತ್ತಾರು ಊರುಗಳ ಬುತ್ತಿ ಒಂದೇ ಕಡೆ ಸಿಗುತ್ತದೆ. ಟೋಕಿಯೊದ ಒಂದು ದೊಡ್ಡ ಮಳಿಗೆಯಲ್ಲಿ 1966ರಿಂದ ಇವುಗಳ ಮೇಳವೇ ನಡೆಯುತ್ತ ಬಂದಿದೆ. ಆದರೆ ಟೋಕಿಯೊ–ಓಸಾಕಾ ಶಿಂಕಾನ್ಸೆನ್‌ನ ಸಾಮಾನ್ಯ ಬೋಗಿಗಳಲ್ಲಿ ಗಾಡಿ ತಳ್ಳಿಕೊಂಡು ತಿಂಡಿ, ಪಾನೀಯ ಮಾರುವುದು 2023ರ ಅಕ್ಟೋಬರ್ ಅಂತ್ಯಕ್ಕೆ ನಿಂತುಹೋಯಿತು. ಪ್ರಯಾಣಿಕರು ಈಗ ಹತ್ತುವ ಮೊದಲೇ ಬುತ್ತಿ ಕೊಂಡಿರಬೇಕು.

ವೇಗದಿಂದ ಲಾಭವಾಗಲಿಲ್ಲವೇ? ಖಂಡಿತ ಆಯಿತು. ದಿನವಿಡೀ ಹಿಡಿಯುತ್ತಿದ್ದ ದಾರಿ ಕೆಲವೇ ಗಂಟೆಗಳದ್ದಾಯಿತು. ಅದನ್ನು ಬೇಡವೆನ್ನುವವರು ಯಾರೂ ಇಲ್ಲ. ಆದರೆ ರೈಲು ನಿಲ್ಲುತ್ತಿದ್ದ ಆ ಕೆಲವು ನಿಮಿಷಗಳಲ್ಲಿ ಒಂದು ಸಣ್ಣ ಊರು ದೂರದವರಿಗೆ ತನ್ನ ಪರಿಚಯ ಹೇಳಿಕೊಳ್ಳುತ್ತಿತ್ತು. ತೋಯಾಮಾದ ಮೀನನ್ನು ಟೋಕಿಯೊದಲ್ಲಿ ಕೊಂಡು ತಿಂದರೆ ರುಚಿ ಬದಲಾಗದಿರಬಹುದು. ಆದರೆ ತೋಯಾಮಾವನ್ನು ಕಂಡಂತಾಯಿತೇ? ಇದಕ್ಕೆ ಉತ್ತರವನ್ನು ನೀವೇ ಯೋಚಿಸಿ.

ಜೊತೆಗೆ ಒಂದು ಕೆಲಸವನ್ನೂ ಮಾಡಿ. ನಿಮ್ಮ ಊರಿನ ನಿಲ್ದಾಣದಲ್ಲಿ ಏನು ಮಾರುತ್ತಾರೆ, ಯಾವಾಗಿನಿಂದ ಮಾರುತ್ತಾರೆ, ಏಕೆ ಅದನ್ನೇ ಮಾರುತ್ತಾರೆ ಎಂದು ಹಿರಿಯರನ್ನು ಕೇಳಿ ಬರೆದಿಡಿ. ಚರಿತ್ರೆಯ ಪುಸ್ತಕಗಳಲ್ಲಿ ಇಲ್ಲದ ಒಂದು ಪುಟ ಅಲ್ಲಿಂದ ಆರಂಭವಾಗಬಹುದು.